ಹೂವಿನಲ್ಲಿ ಬೆರೆಯದ ಹತ್ತಿ

ಗಿಲ್ಲೆಸುಗೂರು, ಮಾನ್ವಿ, ದೇವದುರ್ಗದ ಎರೆಹೊಲಗಳಲ್ಲಿ ಇಂದು ಕಾಯಿ ಒಡೆಯುವ ಹತ್ತಿ ಬಹುಪಾಲು ಅಮೆರಿಕದ ಕುಲದ್ದು. ಅದರ ಜತೆ ಬೆರೆತು ಬೆರೆತೇ ಜವಾರಿ ಹತ್ತಿ ಕುಲಗೆಟ್ಟಿತು ಅನ್ನುವ ಮಾತಿದೆ. ಆದರೆ ಹೀಗೆ ಬೆರೆಯದಂತೆ ಗಿಡದ ಒಳಗೇ ಅಡ್ಡಗೋಡೆಯಿದೆ. ಜವಾರಿಯ ಜೀವಕೋಶದಲ್ಲಿ 26 ವರ್ಣತಂತುಗಳು, ಅಮೆರಿಕದ್ದರಲ್ಲಿ 52. ಇವೆರಡರ ಕೂಡಿಕೆಯಿಂದ ಅಪರೂಪಕ್ಕೊಂದು ಸಸಿ ಎದ್ದರೂ ಅದಕ್ಕೆ ದಕ್ಕುವುದು 39. ಎಲ್ಲಕ್ಕೂ ಜೋಡಿ ಸಿಗದೆ ಗಿಡ ಗೊಡ್ಡಾಗುತ್ತದೆ. 1840ರ ದಶಕದಲ್ಲಿ ಕಂಪನಿ ಸರ್ಕಾರ ಧಾರವಾಡ ಸೀಮೆಗೆ ಅಮೆರಿಕದ ಬೀಜ ತಂದ ಮೇಲೆ ಕಲಬೆರಕೆಯ ದೂರು ಎದ್ದದ್ದು ನಿಜ. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸದ ವಿರುದ್ಧ ಕಾಯ್ದೆಯನ್ನೇ ಮಾಡಿತು. ಆ ಬೆರಕೆ ನಡೆದದ್ದು ಕಾಳು ಬಿಡಿಸುವಲ್ಲಿ, ಅಂಡಿಗೆ ಕಟ್ಟುವಲ್ಲಿ; ಹೂವಿನಲ್ಲಲ್ಲ.

ಗೋಡೆ ಅಷ್ಟು ಗಟ್ಟಿಯಾಗಿದ್ದರೆ 52ರ ಹತ್ತಿ ಹುಟ್ಟಿದ್ದಾದರೂ ಹೇಗೆ ಎಂದು ಕೇಳಬಹುದು. ಸುಮಾರು ಹತ್ತು-ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಮನುಷ್ಯನ ಸುಳಿವಿಲ್ಲದ ಅಮೆರಿಕದಲ್ಲಿ, ನಮ್ಮ ಜವಾರಿಯ ದಾಯಾದಿಯೊಂದು ಅಲ್ಲಿನ ಕಾಡುಹತ್ತಿಯನ್ನು ಕೂಡಿತು. ಗೊಡ್ಡಾಗಬೇಕಿದ್ದ ಸಂತಾನದಲ್ಲಿ ವರ್ಣತಂತುಗಳು ಇಮ್ಮಡಿಯಾಗಿ, ಪ್ರತಿಯೊಂದಕ್ಕೂ ಜೋಡಿ ಸಿಕ್ಕಿತು. ಇದು ಬರೀ ಊಹೆಯಲ್ಲ. 1940ರಲ್ಲಿ ಬೀಸ್ಲಿ ಎಂಬ ವಿಜ್ಞಾನಿ ಏಷ್ಯಾದ ಹತ್ತಿಗೂ ಅಮೆರಿಕದ ಕಾಡುಹತ್ತಿಗೂ ಕ್ರಾಸ್ ಮಾಡಿ, ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ ಆ ಇಮ್ಮಡಿಯನ್ನು ಮತ್ತೆ ಮಾಡಿ ತೋರಿಸಿದ. ಆ ಕಾಡುಹತ್ತಿಗೆ ನೂಲಲು ಬರುವ ಎಳೆಯೇ ಇಲ್ಲ. ಅಮೆರಿಕದ ಅರಳೆಯ ಎಳೆಯ ಮೂಲ ಹಳೇಲೋಕದ ಕಡೆಯದು. ಹಾಗಂತ ಇಮ್ಮಡಿಯಾದದ್ದೇ ಬಗೆಬಗೆಯ ಹತ್ತಿಗೆ ಕಾರಣ ಅನ್ನಲಾಗದು. ಸುಮಾರು 50 ಪ್ರಭೇದಗಳಲ್ಲಿ ಇಮ್ಮಡಿಯವು ಏಳರ ಆಸುಪಾಸು. ಉಳಿದವೆಲ್ಲ 26ರಲ್ಲೇ ನಿಂತು, ಆಫ್ರಿಕಾ, ಅರೇಬಿಯಾ, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಒಂದಕ್ಕೊಂದು ದೂರವಾಗಿ ಕವಲೊಡೆದವು. ನನ್ನ ಮಟ್ಟಿಗೆ, ಹೊಸ ಪ್ರಭೇದಗಳನ್ನು ಹೆಚ್ಚು ಹುಟ್ಟಿಸಿದ್ದು ದೂರ. ಇಮ್ಮಡಿ ಕಟ್ಟಿದ್ದು ಗೋಡೆ.

ಗೋಡೆಯ ಆ ಬದಿಯಲ್ಲಿ, 52ರವುಗಳ ನಡುವೆ, ಬೆರಕೆ ಸಲೀಸು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟಾರ್ಕಿ ರೂಪಿಸಿದ ವರಲಕ್ಷ್ಮಿ ಎಂಬ ಮಿಶ್ರತಳಿ ಹತ್ತಿಯ ತಂದೆತಾಯಿ ಬೇರೆ ಬೇರೆ ಪ್ರಭೇದ, ಆದರೆ ಎರಡೂ 52ರವು. ಸಂಜೆ ಮೊಗ್ಗು ಬಿಡಿಸಿ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ಹೂವಿನ ಪರಾಗ ಸವರುವ ಕ್ರಾಸಿಂಗ್ ಕೆಲಸ ಹೆಣ್ಣುಮಕ್ಕಳಿಗೆ ಕೂಲಿಯಾಯಿತು. ಜವಾರಿಯನ್ನು ಹೊಲದಿಂದ ಹೊರಹಾಕಿದ್ದು ಪರಾಗವಲ್ಲ: ಮಿಲ್ಲುಗಳು ಕೇಳಿದ ಉದ್ದ ಎಳೆ, ಕಾಲುವೆ ನೀರು, ಆಮೇಲೆ 2002ರಿಂದ ಬಂದ ಬಿಟಿ ಪೊಟ್ಟಣ. ಆ ಪೊಟ್ಟಣದೊಳಗಿದ್ದ ಬೀಜವೂ 52ರ ಕುಲದ್ದೇ.