ವ್ಯಾಪಾರ ಮಾರಾಟಕ್ಕಿದೆ: ಜಾಹೀರಾತು ಬರೆಯುವ ಮುನ್ನ

ದೆಹಲಿಯಲ್ಲಿ ಮೂರು ನಾಲ್ಕು ದಶಕಗಳಿಂದ ನೆಲೆಸಿ, ಊಟದ ಮೆಸ್ಸನ್ನೋ ಜೆರಾಕ್ಸ್ ಅಂಗಡಿಯನ್ನೋ ಇಡ್ಲಿ ಹಿಟ್ಟಿನ ವ್ಯಾಪಾರವನ್ನೋ ನಡೆಸಿಕೊಂಡು ಬಂದ ಕನ್ನಡ ಕುಟುಂಬಗಳಲ್ಲಿ ಕೆಲವು ಈಗ ಅದನ್ನು ಮತ್ತೊಬ್ಬರಿಗೆ ವಹಿಸಿಕೊಡುವ ಹಂತಕ್ಕೆ ಬಂದಿವೆ. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಹಿರಿಯರಿಗೆ ಮೊದಲಿನ ಶಕ್ತಿ ಇಲ್ಲ. ಇಂಥವರು ಬ್ಯಾಂಕಿನಲ್ಲಿ ನಮ್ಮ ಮೇಜಿನ ಎದುರು ಕುಳಿತು, ಪತ್ರಿಕೆಗೆ ಕೊಡಬೇಕೆಂದಿರುವ ಜಾಹೀರಾತಿನ ಕರಡನ್ನು ತೋರಿಸುವುದುಂಟು. ಅಂತಹ ಒಂದು ಕರಡನ್ನು ಮುಂದಿಟ್ಟುಕೊಂಡು, ಮಾರಾಟದ ಜಾಹೀರಾತಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಕರಡು ಬಂದದ್ದು ಓಲ್ಡ್ ರಾಜಿಂದರ್ ನಗರದಿಂದ. ದೇಶ ವಿಭಜನೆಯ ತರುವಾಯ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗಾಗಿ ನಿರ್ಮಾಣವಾದ ಬಡಾವಣೆಯಿದು. ಪ್ರಥಮ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರು ಪಂಜಾಬಿ ನಾಲಿಗೆಯಲ್ಲಿ ‘ರಾಜಿಂದರ್’ ಆಗಿ ನಿಂತಿದೆ. ಸಣ್ಣ ನಿವೇಶನಗಳ ಮೇಲೆ ಮಹಡಿಗಳು ಏರಿದವು. ಯುಪಿಎಸ್‌ಸಿ ಕೋಚಿಂಗ್ ಕೇಂದ್ರಗಳು ಬಂದವು. ಅವುಗಳ ಬೆನ್ನಿಗೆ ಪಿಜಿಗಳು, ಓದುವ ಲೈಬ್ರರಿಗಳು, ಟಿಫಿನ್ ಸರಬರಾಜು, ನೋಟ್ಸ್ ಮಾರುವ ಅಂಗಡಿಗಳು ಹುಟ್ಟಿಕೊಂಡವು. ಕರ್ನಾಟಕದಿಂದ ಬಂದು ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿಗೆ ಅನ್ನ ಸಾರು ಬಡಿಸುತ್ತಿದ್ದ ಒಂದು ಮೆಸ್ಸಿನ ಹಿರಿಯ ದಂಪತಿಗಳು ಅದನ್ನು ಮಾರಲು ನಿಶ್ಚಯಿಸಿದ್ದರು.

ಹಿರಿಯರು ಬರೆದು ತಂದದ್ದರ ಸಾರ ಇಷ್ಟು: ‘ಪ್ರೈಮ್ ಜಾಗದಲ್ಲಿ ಭಾರೀ ಲಾಭದ ಚಲ್ತೀ ದುಕಾನ್. ಅಪೂರ್ವ ಅವಕಾಶ. ನಿಜವಾದ ಖರೀದಿದಾರರು ಮಾತ್ರ ಸಂಪರ್ಕಿಸಿ. ದಲ್ಲಾಳಿಗಳು ಕ್ಷಮಿಸಿ.’ ದೆಹಲಿಯ ಯಾವ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳಲ್ಲಿಯೂ ಕಾಣಸಿಗುವ ಮಾತುಗಳಿವು. ಪದಕ್ಕೋ ಸಾಲಿಗೋ ಇಷ್ಟೆಂದು ಹಣ ತೆತ್ತು, ಹತ್ತು ಜನ ಹೇಳಿದ್ದನ್ನೇ ನಾವೂ ಹೇಳುವುದರಲ್ಲಿ ಅರ್ಥವಿಲ್ಲ. ‘ಭಾರೀ ಲಾಭ’ ಎಂದು ಓದಿದವನ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ, ಹಾಗಿದ್ದರೆ ಇವರೇಕೆ ಮಾರುತ್ತಿದ್ದಾರೆ ಎಂಬುದು. ಆ ಪ್ರಶ್ನೆಗೆ ಉತ್ತರವಿಲ್ಲದ ಜಾಹೀರಾತಿಗೆ ಫೋನ್ ಕರೆಗಳು ಬಂದಾವು, ಕೊಳ್ಳುವವರು ಬರಲಾರರು.

ಮೊದಲು ತೀರ್ಮಾನಿಸಬೇಕಾದದ್ದು, ಮಾರುತ್ತಿರುವುದು ಏನನ್ನು ಎಂಬುದು. ಈ ಭಾಗದ ಸಣ್ಣ ವ್ಯಾಪಾರಗಳಲ್ಲಿ ಬಹುಪಾಲು ಬಾಡಿಗೆ ಜಾಗದವು, ಗೋಡೆ ನಮ್ಮದಲ್ಲ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕೆಂಬ ಕಾನೂನಿನ ಕಾರಣ, ಹನ್ನೊಂದು ತಿಂಗಳ ಕರಾರುಗಳೇ ರೂಢಿಯಲ್ಲಿವೆ. ಹನ್ನೊಂದು ತಿಂಗಳ ಹಕ್ಕನ್ನು ‘ಅಂಗಡಿ ಮಾರಾಟಕ್ಕಿದೆ’ ಎಂದು ಬರೆದರೆ ಓದುವವನು ಆಸ್ತಿಯೆಂದೇ ತಿಳಿಯುತ್ತಾನೆ. ಹಳೆಯ ಕಾಲದ ಕಡಿಮೆ ಬಾಡಿಗೆಯ ಮಳಿಗೆಯಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. 1958ರ ದೆಹಲಿ ಬಾಡಿಗೆ ನಿಯಂತ್ರಣ ಕಾಯಿದೆಯು ಪಗಡಿ ಪಡೆಯುವುದನ್ನು ನಿಷೇಧಿಸುತ್ತದೆ. ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮತ್ತೊಬ್ಬರಿಗೆ ವಹಿಸಿದರೆ ಅದೇ ತೆರವಿಗೆ ಕಾರಣವಾಗಬಹುದು. ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಜಾಗಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲವಾದರೂ, ಅಲ್ಲಿ ಕರಾರಿನ ಷರತ್ತುಗಳು ನಮ್ಮನ್ನು ಕಟ್ಟಿಹಾಕಿರುತ್ತವೆ. ಆದುದರಿಂದ ಜಾಹೀರಾತಿಗೆ ಮುನ್ನ ಮನೆಯ ಮಾಲೀಕರ ಬಳಿ ಹೋಗಬೇಕು. ನಮ್ಮ ಹಿರಿಯರು ಇದನ್ನು ಕಡೆಗಿಟ್ಟುಕೊಂಡಿದ್ದರು.

ವ್ಯಾಪಾರವನ್ನು ಇಡಿಯಾಗಿ ಕೊಡುವಿರೋ, ಬರಿಯ ಪಾತ್ರೆ ಪದಾರ್ಥಗಳನ್ನು ಕೊಡುವಿರೋ ಎಂಬುದೂ ಮಾತಿನ ಸೂಕ್ಷ್ಮ ಮಾತ್ರವಲ್ಲ. ಚಾಲ್ತಿಯಲ್ಲಿರುವ ವ್ಯಾಪಾರವನ್ನು ಇಡಿಯಾಗಿ ವರ್ಗಾಯಿಸುವುದಕ್ಕೆ 2017ರ ಜೂನ್ 28ರ ಅಧಿಸೂಚನೆಯಂತೆ ಜಿಎಸ್‌ಟಿ ವಿನಾಯಿತಿ ಇದೆ. ನೋಂದಾಯಿತ ವ್ಯಾಪಾರಿಯು ಸಾಮಾನುಗಳನ್ನಷ್ಟೇ ಮಾರಿದರೆ ಲೆಕ್ಕ ಬೇರೆಯಾಗುತ್ತದೆ. ಲೆಕ್ಕಪರಿಶೋಧಕರನ್ನು ಕೇಳಿಯೇ ಪದ ಆರಿಸಬೇಕು. ಇನ್ನು ಒಬ್ಬರೇ ಮಾಲೀಕರಾಗಿರುವ ವ್ಯಾಪಾರದ ಜಿಎಸ್‌ಟಿ ಸಂಖ್ಯೆ ಅವರ ಪ್ಯಾನ್ ಆಧರಿಸಿದ್ದು; ಆಹಾರ ಸುರಕ್ಷತೆಯ ನೋಂದಣಿಯೂ ನಡೆಸುವವರ ಹೆಸರಿನದು. ಕೊಳ್ಳುವವರು ಇವನ್ನು ಹೊಸದಾಗಿ ಪಡೆಯಬೇಕು. ‘ಎಲ್ಲ ಲೈಸೆನ್ಸ್ ಸಹಿತ’ ಎಂದು ಬರೆಯುವುದು ತಪ್ಪು ಭರವಸೆ.

ಓಲ್ಡ್ ರಾಜಿಂದರ್ ನಗರದಲ್ಲಿ ಮತ್ತೊಂದು ವಿಷಯವನ್ನು ಮುಚ್ಚಿಡಲಾಗದು. 2024ರ ಜುಲೈ 27ರ ಸಂಜೆಯ ಮಳೆಯಲ್ಲಿ ಇಲ್ಲಿನ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಅಸುನೀಗಿದರು. ಸಂಗ್ರಹ ಮತ್ತು ವಾಹನ ನಿಲುಗಡೆಗೆಂದು ಅನುಮತಿ ಪಡೆದಿದ್ದ ಆ ನೆಲಮಾಳಿಗೆಯಲ್ಲಿ ಲೈಬ್ರರಿ ನಡೆಯುತ್ತಿತ್ತು. ಅನಂತರ ನಗರಪಾಲಿಕೆಯು ಹಲವು ನೆಲಮಾಳಿಗೆಗಳಿಗೆ ಬೀಗಮುದ್ರೆ ಹಾಕಿತು. ಅಂದಿನಿಂದ ಈ ಬಡಾವಣೆಯಲ್ಲಿ ವ್ಯಾಪಾರ ಕೊಳ್ಳುವ ಯಾರೇ ಆದರೂ, ಜಾಗ ಯಾವ ಮಹಡಿಯಲ್ಲಿದೆ, ಯಾವ ಉಪಯೋಗಕ್ಕೆ ಅನುಮತಿಯಿದೆ ಎಂದು ಕೇಳದೆ ಇರರು. ಕೇಳಬೇಕಾದದ್ದೇ. ನೆಲಮಹಡಿಯಾದರೆ ಹಾಗೆಂದು ಮೊದಲ ಸಾಲಿನಲ್ಲಿಯೇ ಬರೆಯಿರಿ. ನೆಲಮಾಳಿಗೆಯಾದರೆ, ಕಾಗದಪತ್ರ ಸರಿಯಿಲ್ಲದೆ ಜಾಹೀರಾತು ಕೊಡಲೇಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಲ್ಲಿ ಕೂರುವವರು ಯಾರದೋ ಮನೆಯ ಮಕ್ಕಳು.

ಅಂಕಿಗಳ ವಿಷಯದಲ್ಲಿಯೇ ನಮಗೂ ಹಿರಿಯರಿಗೂ ವಾದ ನಡೆಯಿತು. ಅವರು ಕೊಟ್ಟಿದ್ದ ವಹಿವಾಟಿನ ಮೊತ್ತ 2024ರ ಮಳೆಗಾಲಕ್ಕೆ ಹಿಂದಿನದು, ಅದೂ ಅತ್ಯುತ್ತಮ ತಿಂಗಳಿನದು. ಪರೀಕ್ಷೆಯ ಋತುಮಾನಕ್ಕೆ ತಕ್ಕಂತೆ ಏರಿಳಿಯುವ ವ್ಯಾಪಾರವಿದು. ಪ್ರಿಲಿಮ್ಸ್ ಸಾಮಾನ್ಯವಾಗಿ ಮೇ ಅಥವಾ ಜೂನ್‌ನಲ್ಲಿ. ಅದು ಮುಗಿದೊಡನೆ ಊರಿಗೆ ಹೋಗುವವರಿದ್ದಾರೆ, ಹೊಸ ತಂಡ ಬರುವತನಕ ಊಟದ ಎಲೆಗಳು ಕಡಿಮೆ. ಒಂದು ತಿಂಗಳ ಅಂಕಿ ಕೊಟ್ಟರೆ ಅದು ಸುಳ್ಳಲ್ಲ, ಸತ್ಯವೂ ಅಲ್ಲ. ಹನ್ನೆರಡು ತಿಂಗಳ ಸರಾಸರಿಯನ್ನೂ ಗರಿಷ್ಠ ಕನಿಷ್ಠಗಳನ್ನೂ ಕೊಡಿ ಎಂದೆವು. ‘ಕನಿಷ್ಠ ಬರೆದರೆ ಯಾರು ಬರುತ್ತಾರೆ?’ ಎಂದು ಹಿರಿಯರು ಮುನಿಸಿಕೊಂಡರು. ಜೊತೆಗೆ ಬಂದಿದ್ದ ಅವರ ಶ್ರೀಮತಿಯವರು ಅಲ್ಲಿಯವರೆಗೆ ಮಾತನಾಡಿರಲಿಲ್ಲ. ‘ಬರೋ ಹುಡುಗ ನಮ್ಮ ಕಡೆಯವನೇ ಆದ್ರೆ, ಆಮೇಲೆ ಅವನ ಮುಖ ಹೇಗೆ ನೋಡ್ತೀರಿ?’ ಎಂದರು. ವಾದ ಅಲ್ಲಿಗೆ ನಿಂತಿತು.

ಇದರಲ್ಲಿ ಲೌಕಿಕ ವಿವೇಕವೂ ಇದೆ. ಕೊಳ್ಳುವವರು ಸಾಲಕ್ಕೆ ಬ್ಯಾಂಕಿಗೆ ಬರುವರು. ಬ್ಯಾಂಕು ಆದಾಯ ತೆರಿಗೆ ರಿಟರ್ನ್, ಖಾತೆಯ ವಿವರಪಟ್ಟಿ ಕೇಳುವುದು. ಜಾಹೀರಾತಿನ ಅಂಕಿಗೂ ಇವಕ್ಕೂ ತಾಳೆಯಾಗದಿದ್ದರೆ ವ್ಯವಹಾರ ಅಲ್ಲಿಯೇ ಮುರಿಯುತ್ತದೆ. ಅಂಕಿಯನ್ನು ನಂಬಿ ಕೊಂಡ ಮೇಲೆ ಅದು ಸುಳ್ಳೆಂದು ತಿಳಿದರೆ, 1872ರ ಭಾರತೀಯ ಕರಾರು ಕಾಯಿದೆಯ 19ನೆಯ ಕಲಮಿನಂತೆ ಕೊಂಡವರು ಕರಾರನ್ನೇ ರದ್ದುಪಡಿಸಬಹುದು. ತೆರಿಗೆಗೆ ಕಡಿಮೆ ತೋರಿಸಿ, ಜಾಹೀರಾತಿನಲ್ಲಿ ಹೆಚ್ಚು ತೋರಿಸಿದವರ ಗತಿಯನ್ನು ವಿವರಿಸಬೇಕಾಗಿಲ್ಲ.

ಕೊನೆಗೆ ಸಿದ್ಧವಾದ ಜಾಹೀರಾತು ಹೀಗಿತ್ತು. ಮೊತ್ತಗಳನ್ನು ಮಾದರಿಗಾಗಿ ಬದಲಿಸಿದ್ದೇವೆ.

‘ಓಲ್ಡ್ ರಾಜಿಂದರ್ ನಗರದಲ್ಲಿ 14 ವರ್ಷಗಳಿಂದ ನಡೆಯುತ್ತಿರುವ ಸಸ್ಯಾಹಾರಿ ಮೆಸ್ ಕೊಡುವುದಿದೆ. ನೆಲಮಹಡಿ, ಬಾಡಿಗೆ ಜಾಗ. ಬಾಡಿಗೆ 40,000 ರೂ. ಹೊಸಬರೊಡನೆ ಕರಾರಿಗೆ ಮಾಲೀಕರ ಲಿಖಿತ ಒಪ್ಪಿಗೆ ಇದೆ. ಕಳೆದ 12 ತಿಂಗಳ ಸರಾಸರಿ ವಹಿವಾಟು 2.6 ಲಕ್ಷ ರೂ.; ಗರಿಷ್ಠ 3.4, ಕನಿಷ್ಠ 1.3. ಮೂರು ವರ್ಷದ ರಿಟರ್ನ್ ನೋಡಬಹುದು. ಪಾತ್ರೆ, ಗ್ರೈಂಡರ್, ಫ್ರಿಜ್ ಸೇರಿ ಬೆಲೆ 6 ಲಕ್ಷ ರೂ. ಕಾರಣ: ಮಂಡಿನೋವು, ಊರಿಗೆ ಮರಳುತ್ತಿದ್ದೇವೆ. ಒಂದು ತಿಂಗಳು ಜೊತೆಗಿದ್ದು ಕೆಲಸ ತಿಳಿಸಿಕೊಡುತ್ತೇವೆ. ಫೋನ್: ಸಂಜೆ 5ರ ಮೇಲೆ.’

ಇದರಲ್ಲಿ ಒಂದು ವಿಶೇಷಣವೂ ಇಲ್ಲ. ನಮ್ಮ ಮಟ್ಟಿಗೆ ಹೆಚ್ಚು ಬೆಲೆಯುಳ್ಳ ವಾಕ್ಯ, ಒಂದು ತಿಂಗಳು ಜೊತೆಗಿರುವುದಾಗಿ ಹೇಳಿದ್ದು. ತರಕಾರಿ ಎಲ್ಲಿಂದ, ಬೆಳಗಿನ ಅಡುಗೆಯವನು ಬಾರದ ದಿನ ಏನು ಮಾಡುವುದು, ತಿಂಗಳ ಹಣವನ್ನು ಯಾರು ತಡವಾಗಿ ಕೊಡುತ್ತಾರೆ, ಇವೆಲ್ಲ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಮಾಲೀಕರಿಗೆ ಕೊಟ್ಟಿರುವ ಮುಂಗಡವನ್ನು ಮಾತ್ರ ಬೆಲೆಯಲ್ಲಿ ಸೇರಿಸದೆ ಬೇರೆಯಾಗಿಡಬೇಕು.

ಎಲ್ಲಿ ಪ್ರಕಟಿಸಬೇಕು? ದೆಹಲಿಯ ಹಿಂದಿ ಅಥವಾ ಇಂಗ್ಲಿಷ್ ಪತ್ರಿಕೆಯಲ್ಲಿ ಒಮ್ಮೆ, ಕನ್ನಡ ಪತ್ರಿಕೆಯಲ್ಲಿ ಒಮ್ಮೆ. ಕನ್ನಡ ಸಂಘಗಳ ಸೂಚನಾಫಲಕವನ್ನು ಮರೆಯಬೇಡಿ. ಭಾಷೆ ಬದಲಾದರೂ ಅಂಕಿ ಬದಲಾಗಬಾರದು. ಅಂತರ್ಜಾಲದಲ್ಲಿ ಹಾಕಿದರೆ ಮನೆಯ ವಿಳಾಸ ಕೊಡದಿರಿ. ‘ಬಯಾನಾ ಕಳುಹಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಈ ವಿಧದ ಮೋಸಕ್ಕೆ ಸಿಕ್ಕಿ ಬ್ಯಾಂಕಿಗೆ ಓಡಿಬಂದ ಹಿರಿಯರನ್ನು ನಾವು ಕಂಡಿದ್ದೇವೆ.

ಕೊಳ್ಳುವವರು ದೊರೆತಾಗ, ಇದೇ ಬೀದಿಯಲ್ಲಿ ಮತ್ತೆ ಮೆಸ್ ತೆರೆಯುವುದಿಲ್ಲವೆಂದು ಬರೆದುಕೊಡಿ ಎನ್ನಬಹುದು. ವ್ಯಾಪಾರದ ಹೆಸರುಬಲವನ್ನು, ಅಂದರೆ ಗುಡ್‌ವಿಲ್ಲನ್ನು ಮಾರಿದಾಗ, ನ್ಯಾಯವಾದ ಸ್ಥಳಮಿತಿಯೊಳಗೆ ಅಂಥ ಕರಾರು ಸಿಂಧುವೆಂದು ಅದೇ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಊರಿಗೆ ಹೋಗುವವರು ಧೈರ್ಯವಾಗಿ ಸಹಿ ಮಾಡಬಹುದು. ಹಣ ಪೂರ್ತಿ ಖಾತೆಗೆ ಜಮೆಯಾಗಿ ಬೀಗದ ಕೈ ಕೊಡುವ ದಿನ, ಗಲ್ಲಾಪೆಟ್ಟಿಗೆಯ ಪಕ್ಕದ ಗೋಡೆಯಿಂದ ನಿಮ್ಮ ಕ್ಯೂಆರ್ ಕೋಡಿನ ಚೀಟಿಯನ್ನು ಕಿತ್ತುಕೊಳ್ಳಿ. ನಮ್ಮ ಹಿರಿಯರು ಮರೆತಿದ್ದರು; ಹೊಸಬರ ಮೊದಲ ಎರಡು ದಿನದ ಊಟದ ಹಣವೆಲ್ಲ ಇವರ ಖಾತೆಗೇ ಬಂದು ಬಿದ್ದು, ಲೆಕ್ಕ ಹಾಕಿ ಹಿಂದಿರುಗಿಸಲು ಮತ್ತೆ ನಮ್ಮ ಮೇಜಿಗೇ ಬರಬೇಕಾಯಿತು.