ಬೈಲು, ಮಜಲು, ಬೆಟ್ಟು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಿರಿಯ ರೈತರು ಗದ್ದೆಯ ಬೆಲೆಯನ್ನು ನೀರಿನಿಂದ ಅಳೆಯುತ್ತಾರೆ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಬೆಟ್ಟಿಗೆ ಒಂದು ಭತ್ತದ ಬೆಳೆ, ಮಜಲಿಗೆ ಎರಡು, ಒಳ್ಳೆಯ ಬೈಲಿಗೆ ಮೂರು. ಮುಂಗಾರಿನೊಂದಿಗೆ ಬಿತ್ತುವುದು ಕಾರ್ತಿ; ಅನಂತರದ್ದು ಸುಗ್ಗಿ; ಬೇಸಿಗೆಯಲ್ಲಿ ತೋಡು, ಕೆರೆಗಳ ನೀರಿನಿಂದ ಬೆಳೆಯುವುದು ಕೊಳಕೆ. ನೀರು ಸಾಲದ ಕಡೆ ಉದ್ದು, ಹುರುಳಿ.

ಈ ಅಕ್ಕಿ ಊರೊಳಗೇ ಉಳಿಯಲಿಲ್ಲ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ, ಬಾರಕೂರು ಮತ್ತು ಬಸ್ರೂರಿನ ಅಕ್ಕಿಗಾಗಿ ಮಲಬಾರಿನಿಂದಲೂ ಹೋರ್ಮುಜ್, ಏಡನ್‌ಗಳಿಂದಲೂ ಹಡಗುಗಳು ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ಮಲಬಾರಿನವರು ತೆಂಗು, ಮೆಣಸು ತಂದು ಅಕ್ಕಿ ಒಯ್ಯುತ್ತಿದ್ದರು. ಮಾಪಿಳ್ಳೆ ವರ್ತಕರಿಗೂ ಇದು ಮುಖ್ಯ ವ್ಯಾಪಾರ. ಮಳೆಗಾಲದಲ್ಲಿ ಕಡಲಯಾನ ನಿಂತಿರುತ್ತಿತ್ತು. ಕಡಲು ಶಾಂತವಾಗುವ ಹೊತ್ತಿಗೆ ಕಾರ್ತಿ ಬೆಳೆ ಕೊಯ್ಲಿಗೆ ಬರುತ್ತಿತ್ತು. ಒಂದೇ ಮಳೆ ಉಳುವವನನ್ನೂ ನಾವಿಕನನ್ನೂ ಒಂದೇ ಪಂಚಾಂಗಕ್ಕೆ ಕಟ್ಟಿಹಾಕಿತ್ತು.

1974ರ ಭೂಸುಧಾರಣೆಯಿಂದ ಗೇಣಿದಾರರು ಗದ್ದೆಯ ಒಡೆಯರಾದರು. ಆದರೆ ಹಿಡುವಳಿ ಸಣ್ಣದು, ಕೂಲಿ ದುಬಾರಿ. ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್ ಸೇರಿದರು. ಅನೇಕ ಗದ್ದೆಗಳು ಹಡಿಲು ಬಿದ್ದವು. 2021ರಲ್ಲಿ ಉಡುಪಿ ಸುತ್ತಮುತ್ತ ಇಂಥ ಗದ್ದೆಗಳನ್ನು ಮತ್ತೆ ಉಳುವ ಆಂದೋಲನವೇ ನಡೆಯಬೇಕಾಯಿತು.

ನಷ್ಟ ಅಕ್ಕಿಯದ್ದು ಮಾತ್ರವಲ್ಲ. ಬದುವಿನೊಳಗೆ ತಿಂಗಳುಗಟ್ಟಲೆ ನಿಂತ ಮಳೆನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳನ್ನು ಕಾಯುತ್ತದೆ. ಬದು ಒಡೆದರೆ ಅದು ತೋಡು ಹಿಡಿದು ಕಡಲು ಸೇರುತ್ತದೆ. ಆಗ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವವರಲ್ಲಿ ಗದ್ದೆ ಇದ್ದವರೂ ಇರುತ್ತಾರೆ, ಇಲ್ಲದವರೂ ಇರುತ್ತಾರೆ.