ಗ್ರೂಪ್ ಕ್ಯಾಪ್ಟನ್ ಅಭಿನಂದನ್ ವರ್ಧಮಾನ್: ವಾಯುಸೇನೆಯ ವೀರ ಶ್ರಾವಕ

ಭಾರತೀಯ ವಾಯುಸೇನೆಯ ಯುದ್ಧವಿಮಾನ ಚಾಲಕ, ವೀರಚಕ್ರ ಪುರಸ್ಕೃತ ಅಭಿನಂದನ್ ವರ್ಧಮಾನ್ ಅವರು ತಮಿಳುನಾಡಿನ ದಿಗಂಬರ ಜೈನ ಮನೆತನಕ್ಕೆ ಸೇರಿದವರು. 2019ರ ಫೆಬ್ರವರಿ 27ರಂದು ಗಡಿಯಲ್ಲಿ ನಡೆದ ವಾಯು ಸಂಘರ್ಷದಲ್ಲಿ ಅವರ ವಿಮಾನ ಉರುಳಿ, ಸುಮಾರು ಎರಡೂವರೆ ದಿನ ಪಾಕಿಸ್ತಾನದ ಸೆರೆಯಲ್ಲಿದ್ದು ಮಾರ್ಚ್ 1ರ ರಾತ್ರಿ ಸ್ವದೇಶಕ್ಕೆ ಮರಳಿದರು. ಅವರ ಹೆಸರು ಮನೆಮಾತಾದಾಗ ನಮ್ಮ ಸಮಾಜದಲ್ಲಿ ಹೆಮ್ಮೆಯ ಜೊತೆಗೆ ಒಂದು ಹಳೆಯ ಪ್ರಶ್ನೆಯೂ ಎದ್ದಿತು: ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಶಸ್ತ್ರ ಹಿಡಿಯಬಹುದೇ? ಅವರ ಬದುಕಿನ ವಿವರಗಳ ಜೊತೆಗೆ ಈ ಪ್ರಶ್ನೆಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಹೆಸರು ಮತ್ತು ಊರು

ಅಭಿನಂದನನಾಥರು ನಾಲ್ಕನೆಯ ತೀರ್ಥಂಕರರು. ವರ್ಧಮಾನ ಮಹಾವೀರರು ಇಪ್ಪತ್ನಾಲ್ಕನೆಯವರು. ಇಬ್ಬರು ತೀರ್ಥಂಕರರ ಹೆಸರುಗಳು ಒಬ್ಬ ಸೈನಿಕನ ಹೆಸರಿನಲ್ಲಿ ಜೊತೆಯಾಗಿವೆ. ಸುದ್ದಿವಾಹಿನಿಗಳಲ್ಲಿ ಆ ಹೆಸರು ಕೇಳಿದ ಕೂಡಲೇ ದೇಶದ ಜೈನರು ಇವರು ನಮ್ಮವರೆಂದು ಗುರುತಿಸಿದ್ದು ಇದರಿಂದಲೇ.

ಅವರ ಪೂರ್ವಿಕರ ಊರು ಕಾಂಚೀಪುರಕ್ಕೆ ಸಮೀಪದ ತಿರುಪ್ಪಣಮೂರು. ಈ ಸೀಮೆ ತಮಿಳು ಜೈನರ ನೆಲೆ. ನಯಿನಾರ್ ಎಂದು ಕರೆಸಿಕೊಳ್ಳುವ ಇವರು ಬಹುಮಟ್ಟಿಗೆ ದಿಗಂಬರರು. ಮೇಲ್ಸಿತ್ತಾಮೂರಿನ ಜಿನಕಂಚಿ ಮಠ ಇವರ ಗುರುಪೀಠ. ತಿರುಪ್ಪಣಮೂರಿಗೆ ಹೊಂದಿಕೊಂಡಿರುವ ಕರಂದೈ ಗ್ರಾಮದ ಜಿನಾಲಯಕ್ಕೂ ಆಚಾರ್ಯ ಅಕಲಂಕದೇವರಿಗೂ ಸ್ಥಳೀಯ ಪರಂಪರೆ ನಂಟು ಹೇಳುತ್ತದೆ. ಕನ್ನಡ ನಾಡಿಗೆ ಈ ನಂಟು ಹೊಸದಲ್ಲ. ಹಿಮಶೀತಲ ರಾಜನ ಸಭೆಯಲ್ಲಿ ಅಕಲಂಕರು ವಾದ ಗೆದ್ದ ಸಂಗತಿಯನ್ನು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಶಾಸನ ಸ್ಮರಿಸುತ್ತದೆ.

ಮನೆತನ

ತಂದೆ ಸಿಂಹಕುಟ್ಟಿ ವರ್ಧಮಾನ್ ಅವರು ವಾಯುಸೇನೆಯ ನಿವೃತ್ತ ಏರ್ ಮಾರ್ಷಲ್. ಪರೀಕ್ಷಾ ಪೈಲಟ್ ಆಗಿದ್ದ ಅವರು ಸುಮಾರು 40 ಬಗೆಯ ವಿಮಾನಗಳನ್ನು 4,000ಕ್ಕೂ ಹೆಚ್ಚು ಗಂಟೆ ಹಾರಿಸಿದವರು. ಶಿಲ್ಲಾಂಗ್‌ನಲ್ಲಿ ಕೇಂದ್ರ ಕಚೇರಿ ಇರುವ ಪೂರ್ವ ವಾಯು ಕಮಾಂಡಿನ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. ನಿವೃತ್ತಿಯ ಬಳಿಕ ಮಣಿರತ್ನಂ ಅವರ 2017ರ ತಮಿಳು ಚಿತ್ರ ‘ಕಾಟ್ರು ವೆಳಿಯಿಡೈ’ಗೆ ಸಲಹೆಗಾರರಾಗಿದ್ದರು. ಕಾರ್ಗಿಲ್ ಸಮರದಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕ ವಾಯುಸೇನಾ ಪೈಲಟ್ ಒಬ್ಬನ ಕಥೆ ಅದು. ಎರಡು ವರ್ಷಗಳಲ್ಲಿ ಅದೇ ಸಂಕಟ ಅವರ ಮನೆಯ ಬಾಗಿಲಿಗೆ ಬಂತು.

ತಾಯಿ ಡಾ. ಶೋಭಾ ಅವರು ಅರಿವಳಿಕೆ ತಜ್ಞೆ. ಗಡಿಗಳಿಲ್ಲದ ವೈದ್ಯರ ಅಂತಾರಾಷ್ಟ್ರೀಯ ಸಂಘಟನೆಯ ಮೂಲಕ ಲೈಬೀರಿಯಾ, ಇರಾಕ್, ಹೈಟಿ ಮುಂತಾದ ಯುದ್ಧಪೀಡಿತ ಹಾಗೂ ವಿಪತ್ತಿನ ಪ್ರದೇಶಗಳಿಗೆ ಹೋಗಿ ಗಾಯಾಳುಗಳ ಸೇವೆ ಮಾಡಿದವರು. ನಮ್ಮಲ್ಲಿ ಹೇಳುವ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಅಭಯದಾನವೂ ಇವೆ. ಇವೆರಡನ್ನೂ ಪ್ರಾಣದ ಹಂಗು ತೊರೆದು ಮಾಡಿದ ತಾಯಿ ಅವರು. ಮಗನ ಶೌರ್ಯದ ಸುದ್ದಿಯ ನಡುವೆ ಈ ತಾಯಿಯ ಸೇವೆ ಅಷ್ಟಾಗಿ ಬೆಳಕಿಗೆ ಬರಲಿಲ್ಲ.

ಪತ್ನಿ ಕೂಡ ವಾಯುಸೇನೆಯಲ್ಲಿದ್ದು ಸ್ಕ್ವಾಡ್ರನ್ ಲೀಡರ್ ಹುದ್ದೆಯಿಂದ ನಿವೃತ್ತರಾದವರು. ದಂಪತಿಗೆ ಇಬ್ಬರು ಮಕ್ಕಳು.

ಶಿಕ್ಷಣ ಮತ್ತು ಸೇವೆ

ಅಭಿನಂದನ್ ಅವರು 1983ರ ಜೂನ್ 21ರಂದು ಜನಿಸಿದರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ತರಬೇತಿ ಪಡೆದು 2004ರ ಜೂನ್ 19ರಂದು ಯುದ್ಧವಿಮಾನ ವಿಭಾಗಕ್ಕೆ ಫ್ಲೈಯಿಂಗ್ ಆಫೀಸರ್ ಆಗಿ ಸೇರಿದರು. 2006ರಲ್ಲಿ ಫ್ಲೈಟ್ ಲೆಫ್ಟಿನೆಂಟ್, 2010ರಲ್ಲಿ ಸ್ಕ್ವಾಡ್ರನ್ ಲೀಡರ್, 2017ರಲ್ಲಿ ವಿಂಗ್ ಕಮಾಂಡರ್ ಆದರು. ಮೊದಲು ಸುಖೋಯ್-30 ಎಂಕೆಐ ವಿಮಾನ ಹಾರಿಸುತ್ತಿದ್ದವರು ನಂತರ ಮಿಗ್-21 ಬೈಸನ್ ವಿಮಾನಗಳ 51ನೇ ಸ್ಕ್ವಾಡ್ರನ್ನಿಗೆ ಬಂದರು. ಈ ದಳದ ನೆಲೆ ಶ್ರೀನಗರವಾಗಿತ್ತು.

2019ರ ಫೆಬ್ರವರಿ

ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ನಡೆದ ಆತ್ಮಾಹುತಿ ದಾಳಿಯಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಹುತಾತ್ಮರಾದರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಅವರಲ್ಲೊಬ್ಬರು. 26ರ ನಸುಕಿನಲ್ಲಿ ನಮ್ಮ ಮಿರಾಜ್-2000 ವಿಮಾನಗಳು ಬಾಲಾಕೋಟ್ ಮೇಲೆ ದಾಳಿ ನಡೆಸಿದವು. ಮರುದಿನ ಬೆಳಿಗ್ಗೆ ಪಾಕಿಸ್ತಾನದ ವಿಮಾನಗಳು ಜಮ್ಮು-ಕಾಶ್ಮೀರದತ್ತ ಬಂದಾಗ ಅವನ್ನು ತಡೆಯಲು ಏರಿದವರಲ್ಲಿ ಅಭಿನಂದನ್ ಒಬ್ಬರು. ನೆಲದ ರಾಡಾರ್ ಕೇಂದ್ರದಿಂದ ಪೈಲಟ್‌ಗಳಿಗೆ ದಾರಿ ತೋರುತ್ತಿದ್ದವರು ಸ್ಕ್ವಾಡ್ರನ್ ಲೀಡರ್ ಮಿಂಟಿ ಅಗರ್ವಾಲ್. ಮುಂದೆ ಯುದ್ಧ ಸೇವಾ ಪದಕ ಪಡೆದ ಮೊದಲ ಮಹಿಳೆ ಎನಿಸಿದರು.

ಕಾದಾಟದಲ್ಲಿ ಅಭಿನಂದನ್ ಅವರು ಪಾಕಿಸ್ತಾನದ ಎಫ್-16 ವಿಮಾನವೊಂದನ್ನು ಹೊಡೆದುರುಳಿಸಿದರು ಎಂದು ವಾಯುಸೇನೆ ಹೇಳಿದೆ. ವೀರಚಕ್ರದ ಪ್ರಶಸ್ತಿಪತ್ರದಲ್ಲೂ ಅದೇ ಇದೆ. ಪಾಕಿಸ್ತಾನ ಇದನ್ನು ನಿರಾಕರಿಸುತ್ತಾ ಬಂದಿದೆ. ಆ ದೇಶದ ಎಫ್-16 ವಿಮಾನಗಳೆಲ್ಲ ಲೆಕ್ಕಕ್ಕೆ ಸಿಕ್ಕಿವೆ ಎಂದು ಅಮೆರಿಕದ ಪತ್ರಿಕೆಯೊಂದು ಏಪ್ರಿಲ್‌ನಲ್ಲಿ ಬರೆದಾಗ, ವಾಯುಸೇನೆ ರಾಡಾರ್ ಚಿತ್ರಗಳನ್ನು ಮುಂದಿಟ್ಟು ತನ್ನ ಮಾತನ್ನು ಸಮರ್ಥಿಸಿಕೊಂಡಿತು.

ಅದೇ ದಿನ ಬಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ತಗುಲಿ ವಾಯುಸೇನೆಯ ಹೆಲಿಕಾಪ್ಟರ್ ಉರುಳಿತು. ಅದರಲ್ಲಿದ್ದ ಆರು ಮಂದಿ ಹಾಗೂ ನೆಲದ ಮೇಲಿದ್ದ ಒಬ್ಬ ನಾಗರಿಕ ಅಸುನೀಗಿದರು.

ಸೆರೆಯಲ್ಲಿ

ಕ್ಷಿಪಣಿ ಬಡಿದ ಮಿಗ್‌ನಿಂದ ಹೊರಚಿಮ್ಮಿದ ಅಭಿನಂದನ್ ಅವರು ಪ್ಯಾರಾಚೂಟ್‌ನಲ್ಲಿ ಇಳಿದದ್ದು ನಿಯಂತ್ರಣ ರೇಖೆಯಿಂದ ಸುಮಾರು ಏಳು ಕಿಲೋಮೀಟರ್ ಆಚೆ, ಪಾಕ್ ಆಕ್ರಮಿತ ಕಾಶ್ಮೀರದ ಭಿಂಬರ್ ಜಿಲ್ಲೆಯ ಹೊರ‍್ರಾನ್ ಗ್ರಾಮದ ಬಳಿ. ಮುಂದೆ ನಡೆದುದನ್ನು ಪಾಕಿಸ್ತಾನದ ‘ಡಾನ್’ ಪತ್ರಿಕೆ ಪ್ರತ್ಯಕ್ಷದರ್ಶಿಯ ಮಾತಿನಲ್ಲಿ ವರದಿ ಮಾಡಿತು. ತಾವು ಭಾರತದಲ್ಲಿಲ್ಲ ಎಂದು ತಿಳಿದಾಗ, ಕಲ್ಲು ಹಿಡಿದು ಅಟ್ಟಿಸಿಕೊಂಡು ಬಂದ ಹುಡುಗರನ್ನು ಹೆದರಿಸಲು ಅವರು ಪಿಸ್ತೂಲಿನಿಂದ ಗಾಳಿಯಲ್ಲಿ ಗುಂಡು ಹಾರಿಸಿದರು. ಅರ್ಧ ಕಿಲೋಮೀಟರ್ ಓಡಿ ಸಣ್ಣ ಹೊಂಡವೊಂದಕ್ಕೆ ಹಾರಿದರು. ಬಳಿಯಿದ್ದ ಕಾಗದಪತ್ರಗಳಲ್ಲಿ ಕೆಲವನ್ನು ನುಂಗಲು ಯತ್ನಿಸಿ, ಉಳಿದವನ್ನು ನೀರಿನಲ್ಲಿ ನೆನೆಸಿದರು. ಕೈಯಲ್ಲಿ ಆಯುಧವಿದ್ದೂ ನಿಶ್ಶಸ್ತ್ರ ಜನರ ಮೇಲೆ ಗುರಿ ಇಡಲಿಲ್ಲ. ಗುಂಪು ಅವರನ್ನು ಹಿಡಿದು ಥಳಿಸಿತು. ಕೊನೆಗೆ ಪಾಕಿಸ್ತಾನಿ ಸೈನಿಕರು ಬಂದು ವಶಕ್ಕೆ ಪಡೆದರು.

ವಿಚಾರಣೆಯ ವೇಳೆ ಅವರು ತಮ್ಮ ಪರಿಚಯ ಹೇಳಿದರೇ ಹೊರತು, ವಿಮಾನ ಯಾವುದು, ಕಾರ್ಯಾಚರಣೆ ಏನು ಎಂಬ ಪ್ರಶ್ನೆಗಳಿಗೆ ಅದನ್ನು ತಾವು ಹೇಳುವಂತಿಲ್ಲ ಎಂದು ವಿನಯದಿಂದಲೇ ಉತ್ತರಿಸಿದರು. ಯುದ್ಧಕೈದಿಗಳ ಕುರಿತ ಜಿನೀವಾ ಒಪ್ಪಂದದ ಪ್ರಕಾರ ಕೈದಿ ಹೆಸರು, ಹುದ್ದೆ, ಜನ್ಮದಿನಾಂಕ, ಸೇವಾ ಸಂಖ್ಯೆ ಹೇಳಿದರೆ ಸಾಕು. ಮುಖದಲ್ಲಿ ಗಾಯವಿದ್ದರೂ ಮಾತಿನಲ್ಲಿ ಸಿಟ್ಟಾಗಲಿ ದೈನ್ಯವಾಗಲಿ ಇರಲಿಲ್ಲ. ಆ ವಿಡಿಯೊವನ್ನು ಇಡೀ ದೇಶ ನೋಡಿತು.

ಸೆರೆಸಿಕ್ಕ ಮಗ, ಸೈನ್ಯದಲ್ಲೇ ಬಾಳು ಸವೆಸಿದ ತಂದೆ ಎಂದಾಗ ಕನ್ನಡಿಗರಿಗೆ ಕೊಡಗಿನ ಕಾರ್ಯಪ್ಪ ಅವರ ಮನೆ ನೆನಪಾಗುತ್ತದೆ. 1965ರ ಯುದ್ಧದಲ್ಲಿ ಕೆ.ಸಿ. ನಂದಾ ಕಾರ್ಯಪ್ಪ ಅವರ ಹಂಟರ್ ವಿಮಾನ ಉರುಳಿ ಸೆರೆಯಾದಾಗ, ಅವರನ್ನು ಬಿಡಲು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಮುಂದೆ ಬಂದರು. ಉಳಿದ ಕೈದಿಗಳಿಗಿಲ್ಲದ ರಿಯಾಯಿತಿ ತಮ್ಮ ಮಗನಿಗೂ ಬೇಡವೆಂದು ಜನರಲ್ ಕಾರ್ಯಪ್ಪ ನಿರಾಕರಿಸಿದರು.

ಬಿಡುಗಡೆ

ಫೆಬ್ರವರಿ 28ರಂದು ಪಾಕಿಸ್ತಾನದ ಪ್ರಧಾನಿ ಇಮ್ರಾನ್ ಖಾನ್ ಸಂಸತ್ತಿನಲ್ಲಿ ಬಿಡುಗಡೆ ಘೋಷಿಸಿದರು. ಅಂದು ರಾತ್ರಿ ಅಭಿನಂದನ್ ಅವರ ತಂದೆ-ತಾಯಿ ಚೆನ್ನೈನಿಂದ ದೆಹಲಿಗೆ ವಿಮಾನದಲ್ಲಿ ಬಂದಿಳಿದಾಗ, ಸಹಪ್ರಯಾಣಿಕರು ಎದ್ದು ನಿಂತು ಚಪ್ಪಾಳೆ ತಟ್ಟಿ, ಅವರಿಗೆ ಮೊದಲು ಇಳಿಯಲು ದಾರಿ ಬಿಟ್ಟರು. ಮಾರ್ಚ್ 1ರ ರಾತ್ರಿ ಒಂಬತ್ತರ ಬಳಿಕ ಅಟ್ಟಾರಿ-ವಾಘಾ ಗಡಿಯಲ್ಲಿ ಅಭಿನಂದನ್ ನಡೆದು ಬಂದರು.

ಮರಳಿ ಆಕಾಶಕ್ಕೆ

ವಿಮಾನದಿಂದ ಹೊರಚಿಮ್ಮುವಾಗ ಬೆನ್ನುಮೂಳೆಗೆ ಬೀಳುವ ಹೊಡೆತ ಎಷ್ಟೋ ಪೈಲಟ್‌ಗಳ ಹಾರಾಟವನ್ನೇ ಕೊನೆಗಾಣಿಸುತ್ತದೆ. ಅಭಿನಂದನ್ ಅವರಿಗೆ ಮತ್ತೆ ಹಾರಲು ಒಪ್ಪಿಗೆ ಕೊಟ್ಟದ್ದು ಬೆಂಗಳೂರಿನಲ್ಲಿರುವ ವಾಯುಸೇನೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. 2019ರ ಸೆಪ್ಟೆಂಬರ್ 2ರಂದು ಪಠಾಣ್‌ಕೋಟ್‌ನಲ್ಲಿ ವಾಯುಸೇನೆಯ ಅಂದಿನ ಮುಖ್ಯಸ್ಥ ಬಿ.ಎಸ್. ಧನೋವಾ ಅವರ ಜೊತೆ ಮಿಗ್-21 ತರಬೇತಿ ವಿಮಾನದಲ್ಲಿ ಹಾರಿದರು. ಧನೋವಾ ಅವರೂ 1988ರಲ್ಲಿ ವಿಮಾನದಿಂದ ಹೊರಚಿಮ್ಮಿ ಬದುಕುಳಿದವರು. ಅವರಿಗೆ ಮತ್ತೆ ಹಾರಲು ಒಂಬತ್ತು ತಿಂಗಳು ಹಿಡಿದಿತ್ತು. ಅಕ್ಟೋಬರ್ 8ರ ವಾಯುಸೇನಾ ದಿನದಂದು ಹಿಂಡನ್ ನೆಲೆಯಲ್ಲಿ ಅಭಿನಂದನ್ ಅವರು ಮಿಗ್ ವಿಮಾನಗಳ ತಂಡವನ್ನು ಮುನ್ನಡೆಸಿದರು.

2019ರ ಸ್ವಾತಂತ್ರ್ಯ ದಿನದಂದು ಅವರಿಗೆ ವೀರಚಕ್ರ ಘೋಷಣೆಯಾಯಿತು. ಯುದ್ಧಕಾಲದ ಶೌರ್ಯ ಪ್ರಶಸ್ತಿಗಳಲ್ಲಿ ಇದು ಮೂರನೆಯದು. 2021ರ ನವೆಂಬರ್ 22ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಪದಕ ಸ್ವೀಕರಿಸಿದರು. ಅದೇ ತಿಂಗಳು ಗ್ರೂಪ್ ಕ್ಯಾಪ್ಟನ್ ಹುದ್ದೆಗೆ ಬಡ್ತಿ ದೊರೆಯಿತು.

ಅಹಿಂಸಾ ಪುರಸ್ಕಾರ ಮತ್ತು ಒಂದು ಪ್ರಶ್ನೆ

ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಖಿಲ ಭಾರತೀಯ ದಿಗಂಬರ ಜೈನ ಮಹಾಸಮಿತಿಯು ತನ್ನ ಮೊದಲ ‘ಭಗವಾನ್ ಮಹಾವೀರ ಅಹಿಂಸಾ ಪುರಸ್ಕಾರ’ವನ್ನು ಅಭಿನಂದನ್ ಅವರಿಗೆ ಘೋಷಿಸಿತು. 2.51 ಲಕ್ಷ ರೂಪಾಯಿ ನಗದು ಒಳಗೊಂಡ ಪುರಸ್ಕಾರವದು. ಯುದ್ಧವಿಮಾನ ಹಾರಿಸುವವರಿಗೆ ಅಹಿಂಸೆಯ ಹೆಸರಿನ ಪ್ರಶಸ್ತಿ ಹೇಗೆ ಎಂದು ಕೆಲವರು ಹುಬ್ಬೇರಿಸಿದ್ದು ಸಹಜ.

ಶ್ರಾವಕಾಚಾರದಲ್ಲಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಮುನಿಗಳಿಗೆ ನಾಲ್ಕೂ ವರ್ಜ್ಯ. ಅಣುವ್ರತಿಯಾದ ಗೃಹಸ್ಥ ಪೂರ್ತಿಯಾಗಿ ಬಿಡಬೇಕಾದದ್ದು ಸಂಕಲ್ಪಿ ಹಿಂಸೆಯನ್ನು, ಅಂದರೆ ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಹಿಂಸೆಯನ್ನು. ಅಡುಗೆ, ಕಸುಬು, ರಕ್ಷಣೆಗಳಲ್ಲಿ ತಪ್ಪದೆ ಬರುವ ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡುವುದು ಅವನ ಧರ್ಮ. ದೇಶದ ಮೇಲೆ ಏರಿಬಂದವರನ್ನು ಎದುರಿಸುವುದು ವಿರೋಧಿ ಹಿಂಸೆಯಲ್ಲಿ ಸೇರುತ್ತದೆ. ಆಯುಧ ಹಿಡಿದು ಎದುರು ನಿಂತವರ ಮೇಲಷ್ಟೇ ಅರಸನ ಆಯುಧ ಏಳಬೇಕು, ದೀನರ ಮೇಲಲ್ಲ ಎಂಬ ಭಾವ 10ನೇ ಶತಮಾನದ ಸೋಮದೇವಸೂರಿಗಳ ‘ಯಶಸ್ತಿಲಕ’ದಲ್ಲಿದೆ. ವಿಂಧ್ಯಗಿರಿಯಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಪರಮ ಜಿನಭಕ್ತ. ಸೈನ್ಯಗಳ ರಕ್ತ ಹರಿಯದಿರಲೆಂದು ಭರತ-ಬಾಹುಬಲಿಯರು ಇಬ್ಬರೇ ಸೆಣಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು.

ಹಿಂಸೆ ಹಿಂಸೆಯೇ, ಅದರ ಕರ್ಮಬಂಧ ಇದ್ದೇ ಇರುತ್ತದೆ. ಆದರೆ ಕಷಾಯ ಎಷ್ಟು ಮಂದವೋ ಬಂಧವೂ ಅಷ್ಟು ಮಂದ. ಈ ದೃಷ್ಟಿಯಿಂದ ನೋಡಿದರೆ ಪುರಸ್ಕಾರಕ್ಕೆ ಆಧಾರ ಸಿಗುವುದು ಆಕಾಶದ ಕಾದಾಟದಲ್ಲಲ್ಲ, ಹೊಂಡದ ದಡದಲ್ಲಿ. ಪ್ರಾಣಭಯದ ನಡುವೆಯೂ ಪಿಸ್ತೂಲಿನ ಮೊನೆ ಮೇಲಕ್ಕಿತ್ತು; ಸೆರೆಯಲ್ಲಿ ನಾಲಗೆ ಹಿಡಿತದಲ್ಲಿತ್ತು. ಮಗನೋ ಮಗಳೋ ಸೈನ್ಯ ಸೇರುತ್ತೇನೆಂದಾಗ ಧರ್ಮ ಒಪ್ಪುವುದೇ ಎಂದು ಚಿಂತಿಸುವ ಜೈನ ಮನೆಗಳಿಗೆ ಅಭಿನಂದನ್ ಅವರ ಬದುಕಿನಲ್ಲಿ ಉತ್ತರವಿದೆ. ಶ್ರಾವಕನಿಗೆ ಸೈನಿಕನ ಕೆಲಸ ನಿಷಿದ್ಧವಲ್ಲ, ಸಂಯಮ ಬಿಟ್ಟ ಶೌರ್ಯ ಮಾತ್ರ ನಿಷಿದ್ಧ.

ಅವರಿದ್ದ 51ನೇ ಸ್ಕ್ವಾಡ್ರನ್ 2022ರ ಸೆಪ್ಟೆಂಬರ್‌ನಲ್ಲಿ ವಿಸರ್ಜನೆಗೊಂಡಿತು. 1963ರಿಂದ ವಾಯುಸೇನೆಯಲ್ಲಿದ್ದ ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಕೊನೆಯ ಬಾರಿಗೆ ಹಾರಿ ನಿವೃತ್ತಿ ಪಡೆದವು.